ಎಲೆನರ್‌ನ ನೆಗ್ಗು

ಮಾವ ನನ್ನ ಕೈಯಿಂದ ರಿಮೋಟ್ ಕಿತ್ತುಕೊಂಡು ಸಿನಿಮಾ ನಿಲ್ಲಿಸಿದರು. ಎದ್ದು ಟಿವಿಯ ಹತ್ತಿರ ಹೋದರು. ಕನ್ನಡಕವನ್ನು ಹಣೆಗೆ ಏರಿಸಿ, ಪರದೆಯ ಮೇಲೆ ನಿಂತಿದ್ದ ಹಳದಿ ಕಾರಿನ ಮೂತಿಗೆ ಬೆರಳಿಟ್ಟರು.

"ಇಲ್ಲಿ ನೋಡೋ. ಆಗಲೇ ಗುದ್ದಿದನಲ್ಲ, ಅದೇ ನೆಗ್ಗು. ಈಗ ಅದರ ಪಕ್ಕ ಇನ್ನೊಂದು ಬಿದ್ದಿದೆ. ಇವನು ಕಾರು ಬದಲಾಯಿಸಿಲ್ಲ ಕಣೋ. ಅದನ್ನೇ ಹೊಡೀತಾ ಇದ್ದಾನೆ."

ಮಾವ ಮೂವತ್ತೈದು ವರ್ಷ ಟಿಂಕರಿಂಗ್ ಕೆಲಸ ಮಾಡಿದವರು. ಗುದ್ದಿಸಿಕೊಂಡು ಬಂದ ಗಾಡಿಗಳ ನೆಗ್ಗು ತೆಗೆದು ತೆಗೆದು ಅವರ ಬಲಗೈ ಹೆಬ್ಬೆರಳು ಸ್ವಲ್ಪ ಓರೆಯಾಗಿದೆ. ಸಿನಿಮಾದಲ್ಲಿ ಅವರಿಗೆ ಕಥೆ ಬೇಡ, ಹೀರೊ ಬೇಡ. ತಗಡು ಎಲ್ಲಿ ಮಡಚಿತು, ಎಲ್ಲಿ ಹರಿಯಿತು ಅಂತ ನೋಡುತ್ತಾರೆ. ಸಾಮಾನ್ಯವಾಗಿ ಆ್ಯಕ್ಷನ್ ಸಿನಿಮಾ ಹಾಕಿದರೆ ಹತ್ತು ನಿಮಿಷಕ್ಕೆ ನಿದ್ದೆ ಹೋಗುವ ಮನುಷ್ಯ ಅವತ್ತು ಕುರ್ಚಿಯ ತುದಿಗೆ ಬಂದು ಕೂತಿದ್ದರು.

ನಾವು ನೋಡುತ್ತಿದ್ದದ್ದು 1974ರ 'ಗಾನ್ ಇನ್ 60 ಸೆಕೆಂಡ್ಸ್'. ಈ ಹೆಸರು ಹೇಳಿದರೆ ಹೆಚ್ಚಿನವರಿಗೆ ನೆನಪಾಗುವುದು 2000ದಲ್ಲಿ ಬಂದ ನಿಕೊಲಸ್ ಕೇಜ್ ಸಿನಿಮಾ. ಅದು ಇದರ ರೀಮೇಕ್. ನಾನೂ ಮೊದಲು ನೋಡಿದ್ದು ರೀಮೇಕನ್ನೇ. ಇದಕ್ಕೊಂದು ಮೂಲ ಇದೆ ಅಂತ ಗೊತ್ತಾಗಿದ್ದೇ ಎಷ್ಟೋ ವರ್ಷ ಆದಮೇಲೆ. ಗೊತ್ತಾದ ಕೂಡಲೇ, ನೋಡುವ ಮೊದಲೇ, ಹಳೆಯದೇ ಚೆನ್ನಾಗಿರುತ್ತದೆ ಅಂತ ತೀರ್ಮಾನ ಮಾಡಿಬಿಟ್ಟೆ. ರೀಮೇಕ್ ಅನ್ನೋ ಪದವನ್ನು ಬೈಗುಳದ ಹಾಗೆ ಬಳಸಿ, ಅದಕ್ಕೆ ಎದುರಾಗಿ 'ಸ್ವಮೇಕ್' ಅಂತ ಒಂದು ಪದವನ್ನೇ ಹುಟ್ಟಿಸಿದ ಭಾಷೆಯವರು ನಾವು. ಅಭ್ಯಾಸ ಬಿಡುತ್ತಾ?

ಆದರೆ ನೋಡಿದ ಮೇಲೆ ತೀರ್ಮಾನ ಅಷ್ಟು ಸಲೀಸಾಗಿ ಉಳಿಯಲಿಲ್ಲ.

ಮೊದಲು ಹೊಸದರ ಮಾತು. ಅದನ್ನು ನೋಡಿದ್ದು ಹಾಸ್ಟೆಲ್ಲಿನಲ್ಲಿ. ಒಂದು ಕಂಪ್ಯೂಟರ್, ಅದರ ಮುಂದೆ ಒಂಬತ್ತು ಜನ. ಆಗ ಒಂದು ಸಿನಿಮಾ ಎರಡು ಸಿಡಿಯಲ್ಲಿ ಬರುತ್ತಿತ್ತು. ಮೊದಲ ಸಿಡಿ ಮುಗಿದಾಗ ಯಾರಾದರೂ ಎದ್ದು ಎರಡನೆಯದನ್ನು ಹಾಕಬೇಕು. ಈ ಸಿನಿಮಾದ ಮೊದಲ ಸಿಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎರಡನೆಯದರ ಮೈತುಂಬಾ ಗೀರು. ಕಳ್ಳತನ ಮತ್ತು ಚೇಸ್ ಇದ್ದದ್ದು ಎರಡನೆಯದರಲ್ಲಿ. ಹಾಸ್ಟೆಲ್ಲಿನ ಎಲ್ಲ ರೂಮಿನವರೂ ಅದನ್ನೊಂದೇ ಇಸಿದುಕೊಂಡು ಹೋಗಿ ಹಾಕಿ ಹಾಕಿ ಸವೆಸಿದ್ದರು. ಆ ಸಿನಿಮಾದ ಬಗ್ಗೆ ನಾನು ಕಂಡ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅಂದರೆ ಆ ಗೀರುಗಳೇ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮೆಂಫಿಸ್ ರೇನ್ಸ್ ಕಾರು ಕದಿಯುವುದನ್ನು ಬಿಟ್ಟು ಸುಮ್ಮನಾಗಿರುವವನು. ಅವನ ತಮ್ಮ ಕಿಪ್ ಅದೇ ಕಸುಬಿಗೆ ಬಿದ್ದು, ಕೆಲಸ ಕೆಡಿಸಿ, ಕ್ಯಾಲಿಟ್ರಿ ಅನ್ನೋ ಖದೀಮನ ಕೈಗೆ ಸಿಕ್ಕಿಕೊಳ್ಳುತ್ತಾನೆ. ತಮ್ಮನನ್ನು ಕಾರಿನೊಳಗೆ ಕಟ್ಟಿಹಾಕಿ, ಕಾರನ್ನು ಗುಜರಿಯ ಕ್ರಷರ್‌ನಲ್ಲಿ ಇಟ್ಟು, ಅಣ್ಣನಿಗೆ ಷರತ್ತು ಹಾಕುತ್ತಾನೆ: 50 ಕಾರು ಕದ್ದು ತಂದುಕೊಡು. ಮೆಂಫಿಸ್ ಹಳೇ ಗ್ಯಾಂಗನ್ನು ಒಟ್ಟುಗೂಡಿಸುತ್ತಾನೆ. ಎಲ್ಲವನ್ನೂ ಒಂದೇ ರಾತ್ರಿ ಎತ್ತುವುದು ಅಂತ ಲೆಕ್ಕ ಹಾಕುತ್ತಾನೆ. ಪೊಲೀಸರ ರೇಡಿಯೋಗೆ ಗೊತ್ತಾಗದಿರಲಿ ಅಂತ ಪ್ರತಿ ಕಾರಿಗೂ ಒಂದೊಂದು ಹೆಂಗಸಿನ ಹೆಸರು. ಕೊನೆಯ ಕಾರು ಎಲೆನರ್, ಬೂದು ಬಣ್ಣದ 1967ರ ಶೆಲ್ಬಿ ಮಸ್ಟ್ಯಾಂಗ್. ಮೆಂಫಿಸ್‌ಗೆ ಆ ಕಾರೆಂದರೆ ಭಯ. ಹಿಂದೆ ಎಷ್ಟೋ ಸಲ ಕೈಕೊಟ್ಟಿದೆ.

ಸಿನಿಮಾ ಮುಗಿದ ಮೇಲೆ ರೂಮಿನಲ್ಲಿ ಗಲಾಟೆ. ಮೆಕ್ಯಾನಿಕಲ್ ಓದುತ್ತಿದ್ದವನೊಬ್ಬ ಗೇರ್ ಎಣಿಸಿದ್ದ. "ಆ ಕಾರಿಗೆ ಎಷ್ಟು ಗೇರ್ ಇದೆ ಮಾರಾಯ? ಹಾಕ್ತಾನೇ ಇದಾನೆ, ಮುಗಿಯೋದೇ ಇಲ್ಲ!" ಅಂತ ಅವನ ತಕರಾರು. ಇನ್ನೊಬ್ಬನಿಗೆ ಆಂಜೆಲಿನಾ ಜೋಲಿಯದೇ ಸಂಕಟ. ಪೋಸ್ಟರ್ ತುಂಬಾ ಅವಳೇ, ಸಿನಿಮಾದಲ್ಲಿ ಹುಡುಕಬೇಕು. ಅವನ ಸಿಟ್ಟು ನ್ಯಾಯವಾದದ್ದೇ. ಅದೇ ವರ್ಷ ಮಾರ್ಚ್‌ನಲ್ಲಿ ಆಸ್ಕರ್ ಗೆದ್ದ ನಟಿಯನ್ನು ಕರೆಸಿ, ಜಡೆ ಹಾಕಿಸಿ, ಗ್ಯಾರೇಜಿನಲ್ಲಿ ನಿಲ್ಲಿಸಿ, ಆಮೇಲೆ ಮರೆತುಬಿಟ್ಟಿದ್ದಾರೆ. ಆ ಸಿನಿಮಾದಲ್ಲಿ ಆಸ್ಕರ್ ಗೆದ್ದವರು ಮೂವರಿದ್ದಾರೆ: ಕೇಜ್, ಜೋಲಿ, ರಾಬರ್ಟ್ ಡುವಾಲ್. ಮೂವರಿಗೂ ಸೇರಿಸಿ ನೆನಪಿಡುವಂಥ ಮಾತು ಒಂದು ಹಾಳೆಯಷ್ಟೂ ಇಲ್ಲ. ಮೂಲೆಯಲ್ಲಿ ಕೂತಿದ್ದ ಮೂರನೆಯವನು ಮಾತ್ರ ಏನೂ ಮಾತಾಡಲಿಲ್ಲ. ತಮ್ಮ ಸಿಕ್ಕಿಬಿದ್ದಿದ್ದಕ್ಕೆ ಅಣ್ಣ ಮತ್ತೆ ಕೆಸರಿಗೆ ಇಳಿಯುವುದು ಅವನಿಗೆ ಎಲ್ಲೋ ತಾಗಿತ್ತು. ಅವನಿಗೂ ಒಬ್ಬ ತಮ್ಮನಿದ್ದ. ಮಾರನೇ ದಿನ ಊರಿಗೆ ಫೋನ್ ಮಾಡಲು ಬೂತ್‌ನಲ್ಲಿ ನಿಂತಿದ್ದನ್ನು ನೋಡಿದೆ.

ವಿಮರ್ಶಕರು ಸಿನಿಮಾವನ್ನು ಚೆನ್ನಾಗಿಯೇ ಝಾಡಿಸಿದ್ದರು. ಅಮೆರಿಕದಲ್ಲಿ ಬರೆದವರ ಪೈಕಿ ನಾಲ್ವರಲ್ಲಿ ಒಬ್ಬರು ಮೆಚ್ಚಿರಬಹುದು, ಅಷ್ಟೇ. ಜನ ಮಾತ್ರ ಹೋದರು. 2000ದ ಜೂನ್ 9ರಂದು ಬಿಡುಗಡೆಯಾಗಿ, 'ಮಿಷನ್ ಇಂಪಾಸಿಬಲ್ 2' ಅನ್ನು ಮೊದಲ ಸ್ಥಾನದಿಂದ ಇಳಿಸಿ ಕೂತಿತು. ಪ್ರಪಂಚದ ಗಳಿಕೆ ಸುಮಾರು 23.7 ಕೋಟಿ ಡಾಲರ್. ನಿರ್ಮಾಪಕ ಜೆರಿ ಬ್ರಕ್‌ಹೈಮರ್ ಸಿನಿಮಾಗಳಿಗೆ ಇದೇನು ಹೊಸದಲ್ಲ. ಬರೆಯುವವರು ಬೈಯುತ್ತಾರೆ, ಸಾಲು ನಿಲ್ಲುವವರು ನಿಲ್ಲುತ್ತಾರೆ.

ನನಗೆ ಆಗಲೂ ಈಗಲೂ ಅದರಲ್ಲಿ ಇಷ್ಟವಾಗುವುದು ಚೇಸ್ ಅಲ್ಲ, ಅದಕ್ಕಿಂತ ಮುಂಚಿನ ಭಾಗ. ಗ್ಯಾರೇಜಿನಲ್ಲಿ ಎಲ್ಲರೂ ಕೂತು ರಾತ್ರಿಯಾಗಲಿ ಅಂತ ಕಾಯುತ್ತಾರಲ್ಲ, ಅದು. ಹೊಸ ಮರ್ಸಿಡಿಸ್‌ಗಳಿಗೆ ಹಳೇ ಕೈಚಳಕ ನಡೆಯುವುದಿಲ್ಲ, ಅದಕ್ಕೇ ಅಂತ ಬೇರೆ ಕೀ ಬೇಕು. ಆ ಕೀಗಳನ್ನು ನಾಯಿ ನುಂಗಿಬಿಡುತ್ತದೆ. ಆಮೇಲೆ ನಾಯಿಯ ಹಿಂದೆ ಹಿಂದೆ ಸುತ್ತುವುದೇ ಕೆಲಸ. ಎಷ್ಟೇ ಪ್ಲಾನ್ ಮಾಡಿದರೂ ಒಂದು ನಾಯಿಯ ಹೊಟ್ಟೆಯ ಮರ್ಜಿಗೆ ಕಾಯಬೇಕಾದ ಆ ಸ್ಥಿತಿ ನನಗೆ ಕಳ್ಳತನಕ್ಕಿಂತ ನಿಜ ಅನ್ನಿಸುತ್ತದೆ. ಹಾಗೇ ಶುರುವಿನಲ್ಲಿ ಕಿಪ್ ಶೋರೂಮಿನ ಎದುರು ನಿಂತು ಪೋರ್ಷೆ ಕದಿಯುವ ದೃಶ್ಯ. ಉಪಕರಣ ತರ್ತೀನಿ ಅಂತ ಡಿಕ್ಕಿ ತೆಗೆಯುತ್ತಾನೆ. ಏನೋ ನಾಜೂಕಾದ ಸಾಧನ ಬರುತ್ತದೆ ಅಂತ ನಾವು ಕಾಯುತ್ತೇವೆ. ಅವನು ತರುವುದು ಒಂದು ಇಟ್ಟಿಗೆ. ಗಾಜಿಗೆ ಎಸೆಯುತ್ತಾನೆ, ಒಳಗೆ ಹೋಗುತ್ತಾನೆ, ಗಾಜು ಒಡೆದುಕೊಂಡೇ ಕಾರು ಹೊರಗೆ ತರುತ್ತಾನೆ. ಹಾಸ್ಟೆಲ್ಲಿನಲ್ಲಿ ಇಡೀ ರೂಮು ನಕ್ಕಿದ್ದು ಅಲ್ಲೇ.

ಬೇಜಾರಾಗುವುದು ಎಲ್ಲಿ ಅಂದರೆ, ಕಾರುಗಳನ್ನು ಪ್ರೀತಿಸುವವರ ಬಗ್ಗೆ ತೆಗೆದ ಸಿನಿಮಾದಲ್ಲಿ ಒಂದು ಕಾರನ್ನೂ ನೆಟ್ಟಗೆ ನೋಡಲು ಬಿಡುವುದಿಲ್ಲ. ಚಕ್ರ, ಕನ್ನಡಿ, ಗೇರ್ ಹಿಡಿ, ಕೇಜ್‌ನ ಕಣ್ಣು, ಮತ್ತೆ ಚಕ್ರ. 50 ಕಾರು ಅಂತಾರೆ, ಅದರಲ್ಲಿ ಮುಕ್ಕಾಲು ಪಾಲು ಕಣ್ಣು ಮಿಟುಕಿಸುವುದರೊಳಗೆ ಮಾಯ. ಫೆರಾರಿಯನ್ನು ಹೀಗೆ ತೋರಿಸುವುದೂ ಮದುವೆ ಮನೆಯಲ್ಲಿ ಊಟದ ಎಲೆಯನ್ನು ತೋರಿಸಿ ಎತ್ತಿಕೊಂಡು ಹೋಗುವುದೂ ಒಂದೇ.

ಇನ್ನು ಹಳೆಯದು.

ಅದನ್ನು ಮೊದಲ ಸಲ ಹಾಕಿದಾಗ ನನ್ನ ಹೆಂಡತಿ ಇಪ್ಪತ್ತು ನಿಮಿಷ ನೋಡಿ, "ರೀ, ಇದು ಸಿನಿಮಾನಾ, ಸಿಸಿಟಿವಿ ಫುಟೇಜಾ?" ಅಂತ ಕೇಳಿ ಎದ್ದು ಹೋದಳು. ತಪ್ಪೇನಿಲ್ಲ. ಮೊದಲರ್ಧ ಹಾಗೇ ಇದೆ. ಯಾರೋ ಮಾತಾಡುತ್ತಾರೆ, ಕ್ಯಾಮೆರಾ ಬೇರೆಲ್ಲೋ ಇರುತ್ತದೆ. ಹೀರೊ ಸೀನಿಗೊಂದು ವಿಗ್ ಹಾಕಿಕೊಂಡು ಬರುತ್ತಾನೆ. ನಟನೆ ಅಂತ ಹೇಳುವಂಥದ್ದು ಹುಡುಕಿದರೂ ಸಿಗುವುದಿಲ್ಲ. ಯಾಕೆಂದರೆ ಅದನ್ನು ತೆಗೆದವನು ಸಿನಿಮಾದವನೇ ಅಲ್ಲ.

ಎಚ್. ಬಿ. ಹ್ಯಾಲಿಕಿ. ಕ್ಯಾಲಿಫೋರ್ನಿಯಾದಲ್ಲಿ ಗುಜರಿ ಕಾರುಗಳ ವ್ಯಾಪಾರ ಮಾಡಿಕೊಂಡಿದ್ದ ಮನುಷ್ಯ. ಬರೆದದ್ದು, ನಿರ್ದೇಶಿಸಿದ್ದು, ದುಡ್ಡು ಹಾಕಿದ್ದು, ಹೀರೊ ಆಗಿದ್ದು, ಕಾರು ಓಡಿಸಿದ್ದು ಎಲ್ಲ ಅವನೇ. ಬರೆದದ್ದು ಅಂದರೂ ಅಷ್ಟೇನಿಲ್ಲ. ಚಿತ್ರಕಥೆ ಎಲ್ಲಿ ಅಂತ ಸಂಕಲನಕಾರ ಕೇಳಿದಾಗ, ಒಂದು ರಟ್ಟಿನ ಮೇಲೆ ಸುತ್ತು ಗೀಚಿದ್ದನ್ನು ಕೊಟ್ಟು, ಇದು ಧೂಳಿನ ಜಾಗ, ಇದನ್ನು ಎರಡು ಸುತ್ತು ಹಾಕಿದ್ದೀವಿ, ಇದೇ ಚಿತ್ರಕಥೆ ಅಂದನಂತೆ! ಸ್ನೇಹಿತರು, ಮನೆಯವರು, ನಿಜವಾದ ಪೊಲೀಸರು, ಕಾರ್ಸನ್ ನಗರದ ನಿಜವಾದ ಮೇಯರ್, ಎಲ್ಲರೂ ಅದರಲ್ಲಿ ಪಾತ್ರ ಮಾಡಿದ್ದಾರೆ. ಖರ್ಚು ಸುಮಾರು 1,50,000 ಡಾಲರ್ ಅಂತ ಹೇಳುತ್ತಾರೆ. ಸ್ಟಾರ್ ಅಂತ ಟೈಟಲ್ ಕಾರ್ಡಿನಲ್ಲಿ ಬರುವ ಹೆಸರು ಒಂದೇ: ಎಲೆನರ್. ಕಾರಿನ ಹೆಸರು.

ಆ ಎಲೆನರ್ ಬೂದು ಶೆಲ್ಬಿ ಅಲ್ಲ. ಹಳದಿ ಮಸ್ಟ್ಯಾಂಗ್. ಕಥೆಯಲ್ಲಿ ಅದು 1973ರ ಮಾಡೆಲ್, ನಿಜದಲ್ಲಿ 1971ರ ಗಾಡಿಗೆ 1973ರ ಮುಖ ಕೂರಿಸಿದ್ದು. ಮಾವನಿಗೆ ಇದನ್ನು ಹೇಳಿದಾಗ ನಕ್ಕರು. "ಗುಜರಿಯವನು ಅಂತ ಮೊದಲೇ ಹೇಳಬಾರದಾ?" ಅಂದರು.

ಕಥೆಯ ಹೀರೊ ಮೈಂಡ್ರಿಯನ್ ಪೇಸ್ ಹಗಲಲ್ಲಿ ಇನ್ಶೂರೆನ್ಸ್ ಕಂಪನಿಗಳ ಪರವಾಗಿ ಕಳ್ಳತನದ ಕೇಸು ತನಿಖೆ ಮಾಡುವವನು, ರಾತ್ರಿ ಕಾರು ಕದಿಯುವವನು. ಇವನ ಪದ್ಧತಿ ನೋಡಿ ಮಾವ ತಲೆದೂಗಿದರು. ಅಪಘಾತದಲ್ಲಿ ನುಜ್ಜುಗುಜ್ಜಾದ ಕಾರನ್ನು ದುಡ್ಡು ಕೊಟ್ಟು ಕೊಳ್ಳುವುದು. ಅದೇ ಮಾಡೆಲ್ಲಿನ ಒಳ್ಳೇ ಕಾರನ್ನು ಕದಿಯುವುದು. ಹಾಳಾದ ಕಾರಿನ ನಂಬರ್ ಪಟ್ಟಿಗಳನ್ನು ಕದ್ದದ್ದಕ್ಕೆ ಕೂರಿಸುವುದು. ಕಾಗದದ ಪ್ರಕಾರ ಕಳ್ಳ ಮಾಲೇ ಇಲ್ಲ, ಹಳೇ ಕಾರು ರಿಪೇರಿಯಾಗಿ ಬಂದಿದೆ, ಅಷ್ಟೇ. ಹೊಸ ಸಿನಿಮಾ ಈ ವ್ಯವಹಾರವನ್ನೆಲ್ಲ ಬಿಟ್ಟು, ಕಾರುಗಳನ್ನು ಹಡಗಿಗೆ ತಲುಪಿಸಿದರೆ ಮುಗಿಯಿತು ಅನ್ನುತ್ತದೆ. ನನ್ನ ಪ್ರಕಾರ ರೀಮೇಕಿನಲ್ಲಿ ಕಳೆದುಹೋದ ಮೊದಲ ಒಳ್ಳೇ ವಸ್ತು ಇದು.

ಪೇಸ್‌ಗೆ ಒಂದು ನಿಯಮವಿದೆ. ಇನ್ಶೂರೆನ್ಸ್ ಇರುವ ಕಾರನ್ನಷ್ಟೇ ಕದಿಯುವುದು. ಇವನ ಪಟ್ಟಿಯಲ್ಲಿ 48 ಕಾರು. ಎಲ್ಲ ಮುಗಿಯಿತು ಅನ್ನುವಾಗ, ಕದ್ದು ತಂದ ಎಲೆನರ್‌ಗೆ ಇನ್ಶೂರೆನ್ಸ್ ಇಲ್ಲ ಅಂತ ಗೊತ್ತಾಗುತ್ತದೆ. ವಾಪಸ್ ಬಿಟ್ಟುಬನ್ನಿ ಅನ್ನುತ್ತಾನೆ. ಲಾಂಗ್ ಬೀಚ್‌ನ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಅಂಥದೇ ಇನ್ನೊಂದು ಇದೆ, ಅದನ್ನು ತರಲು ತಾನೇ ಹೋಗುತ್ತಾನೆ. ಜಗಳವಾಡಿದ್ದ ಭಾವಮೈದುನ ಅಷ್ಟು ಹೊತ್ತಿಗೆ ಪೊಲೀಸರಿಗೆ ಸುಳಿವು ಕೊಟ್ಟಾಗಿದೆ.

ಅಲ್ಲಿಂದ ಸುಮಾರು 40 ನಿಮಿಷ ಚೇಸ್. ನಲವತ್ತು! ಇಡೀ ಸಿನಿಮಾದಲ್ಲಿ ಪುಡಿಯಾದ ಕಾರುಗಳು 93. ಸಂಗೀತ ಕಿವಿಗೆ ಬಡಿಯುವುದಿಲ್ಲ. ಎಂಜಿನ್, ಟೈರು, ಸೈರನ್. ಒಂದು ಕಡೆ ಹೈವೇಯಲ್ಲಿ ಎಲೆನರ್ ಗಿರಕಿ ಹೊಡೆದು ದೀಪದ ಕಂಬಕ್ಕೆ ಗುದ್ದುತ್ತದೆ. ಅದು ಬರೆದ ದೃಶ್ಯವಲ್ಲ. ಗಂಟೆಗೆ 100 ಮೈಲಿಯ ಆಸುಪಾಸಿನಲ್ಲಿ ಇನ್ನೊಂದು ಗಾಡಿ ತಗುಲಿ ನಿಜವಾಗಿ ಆದ ಅಪಘಾತ. ಪ್ರಜ್ಞೆ ಬಂದಾಗ ಹ್ಯಾಲಿಕಿ ಮೊದಲು ಕೇಳಿದ್ದು, ಶಾಟ್ ಸಿಕ್ತಾ ಅಂತ, ಅನ್ನೋ ಕಥೆ ಇದೆ. ಸಿಕ್ಕಿತ್ತು. ಸಿನಿಮಾದಲ್ಲಿ ಹಾಗೇ ಇಟ್ಟಿದ್ದಾನೆ.

ಮಾವ ರಿಮೋಟ್ ಕಿತ್ತುಕೊಂಡಿದ್ದು ಈ ಚೇಸ್ ನಡುವೆ. ಅವರು ತೋರಿಸಿದ ಮೇಲೆ ನನಗೂ ಬೇರೆ ಏನೂ ಕಾಣದಾಯಿತು. ಆ ಕಾರಿನ ಮೈಯನ್ನು ಓದಬಹುದು. ಈ ಗೀರು ಪೊಲೀಸ್ ಕಾರಿನದು, ಈ ನೆಗ್ಗು ಕಂಬದ್ದು, ಈ ಬಂಪರ್ ಜೋತಾಡಲು ಶುರುವಾಗಿದ್ದು ಆಗ. ಹೊಸದರಲ್ಲೂ ಎಲೆನರ್ ಏಟು ತಿನ್ನುತ್ತದೆ. ಪಕ್ಕದ ಕನ್ನಡಿ ಕಿತ್ತುಹೋಗುತ್ತದೆ, ಅಲ್ಲಿ ಇಲ್ಲಿ ತರಚುತ್ತದೆ. ಆದರೆ ಆ ಸಿನಿಮಾ ಅದರ ಚೆಲುವನ್ನು ಕೆಡಿಸಲು ಹೆದರುತ್ತದೆ. ಪೋಸ್ಟರಿನಲ್ಲಿ ನಿಲ್ಲಬೇಕಾದ ಕಾರು ಅದು.

ಎರಡರಲ್ಲೂ ಕೊನೆಗೆ ಒಂದು ಜಿಗಿತ ಇದೆ. ಹೊಸದರಲ್ಲಿ ವಿನ್ಸೆಂಟ್ ಥಾಮಸ್ ಸೇತುವೆಯ ಮೇಲೆ ಅಪಘಾತವಾಗಿ ದಾರಿ ಮುಚ್ಚಿದೆ. ಒಂದು ಟೋ ಟ್ರಕ್ಕನ್ನೇ ಇಳಿಜಾರು ಮಾಡಿಕೊಂಡು ಮೆಂಫಿಸ್ ಎಲ್ಲದರ ಮೇಲಿಂದ ಹಾರುತ್ತಾನೆ. ಕಾರು ಗಾಳಿಯಲ್ಲಿ ತೇಲುತ್ತದೆ, ತೇಲುತ್ತಲೇ ಇರುತ್ತದೆ. ಕಂಪ್ಯೂಟರಿನ ಕೆಲಸ ಅಂತ ಹಾಸ್ಟೆಲ್ಲಿನ ಆ ಮಸುಕು ಸಿಡಿಯಲ್ಲೂ ಗೊತ್ತಾಗಿತ್ತು. "ಇದೇನು ಪುಷ್ಪಕ ವಿಮಾನನಾ?" ಅಂತ ಯಾರೋ ಕೂಗಿದ್ದು ನೆನಪಿದೆ. ಈ ಸಿನಿಮಾದ ಬಗ್ಗೆ ಯಾರನ್ನು ಕೇಳಿದರೂ, ಇಷ್ಟಪಡುವವರೂ ಸೇರಿ, ಆ ಜಿಗಿತವೊಂದು ಬೇಡಿತ್ತು ಅನ್ನುತ್ತಾರೆ.

ಹಳೆಯದರಲ್ಲಿ ಹ್ಯಾಲಿಕಿ ನಿಜವಾಗಿ ಹಾರಿದ. 128 ಅಡಿ. ಕೆಳಗೆ ಬಿದ್ದಾಗ ಬೆನ್ನುಮೂಳೆಗೆ ಪೆಟ್ಟಾಯಿತು. ಪರದೆಯ ಮೇಲೆ ಆ ಜಿಗಿತ ಅಷ್ಟೇನೂ ಚೆಂದವಿಲ್ಲ. ಕಾರು ಏರುತ್ತದೆ, ಮೂತಿ ಬಾಗುತ್ತದೆ, ದೊಪ್ಪನೆ ಬೀಳುತ್ತದೆ. ಮಾವ ಆ ಹೊತ್ತಿಗೆ ತಮ್ಮ ಸೊಂಟ ಹಿಡಿದುಕೊಂಡರು. ಯಾರೂ ಏನೂ ಹೇಳಿರಲಿಲ್ಲ ಅವರಿಗೆ, ಅದು ನಿಜ ಅಂತ.

ಹಾಗಾದರೆ ಹಳೆಯದೇ ಮೇಲು ಅಂತ ಬರೆದು ಮುಗಿಸಬಹುದು. ತುಂಬ ಜನ ಹಾಗೇ ಹೇಳುತ್ತಾರೆ: ಅಲ್ಲಿ ಎಲ್ಲ ಅಸಲಿ, ಇಲ್ಲಿ ಎಲ್ಲ ನಕಲಿ. ನನಗೆ ಆ ಮಾತು ಬಾಯಿಗೆ ಬರುವುದಿಲ್ಲ. 1989ರ ಆಗಸ್ಟ್‌ನಲ್ಲಿ ಹ್ಯಾಲಿಕಿ ಇದೇ ಸಿನಿಮಾದ ಎರಡನೇ ಭಾಗ ತೆಗೆಯುತ್ತಿದ್ದ. ಒಂದು ನೀರಿನ ಟ್ಯಾಂಕನ್ನು ಕೆಡವುವ ದೃಶ್ಯ. ತಯಾರಿಯಲ್ಲೇ ಕೇಬಲ್ ತುಂಡಾಗಿ ಒಂದು ಕಂಬಕ್ಕೆ ಬಡಿಯಿತು, ಕಂಬ ಇವನ ಮೇಲೆ ಬಿತ್ತು. ಅಲ್ಲೇ ಸತ್ತ. ಮದುವೆಯಾಗಿ ಕೆಲವೇ ತಿಂಗಳಾಗಿತ್ತು. ಹನ್ನೊಂದು ವರ್ಷದ ನಂತರ ರೀಮೇಕ್ ಬಂದಾಗ ಅದರ ನಿರ್ಮಾಪಕರ ಪಟ್ಟಿಯಲ್ಲಿ ಅವನ ಹೆಂಡತಿ ಡೆನಿಸ್ ಹೆಸರೂ ಇತ್ತು. ಆ ಜಿಗಿತವನ್ನು ಕಂಪ್ಯೂಟರಿಗೆ ಬಿಟ್ಟಿದ್ದಕ್ಕೆ ನಾನು ಮೊದಲಿನಷ್ಟು ನಗುವುದಿಲ್ಲ ಈಗ. ಕೆಟ್ಟದಾಗಿ ಮಾಡಿದ್ದಾರೆ ಅನ್ನುವುದು ಬೇರೆ ಮಾತು.

ಇಬ್ಬರು ಎಲೆನರ್‌ಗಳಲ್ಲಿ ಯಾರು ಅಸಲಿ ಅನ್ನೋ ಜಗಳ ನೋಡುಗರಲ್ಲಷ್ಟೇ ನಿಂತಿಲ್ಲ, ಕೋರ್ಟಿಗೂ ಹೋಗಿದೆ. ಬೂದು ಕಾರು ಎಷ್ಟು ಪ್ರಸಿದ್ಧವಾಯಿತೆಂದರೆ, ಹಳೇ ಮಸ್ಟ್ಯಾಂಗ್ ತಂದು ಅದೇ ರೂಪ ಕೊಟ್ಟು ಮಾರುವವರು ಹುಟ್ಟಿಕೊಂಡರು. ಸಿನಿಮಾದಲ್ಲಿ ಬಳಸಿದ ಒಂದು ಕಾರು 2013ರ ಹರಾಜಿನಲ್ಲಿ 10 ಲಕ್ಷ ಡಾಲರ್‌ಗೆ ಹೋಯಿತು. ಎಲೆನರ್ ಬರೀ ಕಾರಲ್ಲ, ಅದೊಂದು ಪಾತ್ರ, ಆ ಪಾತ್ರದ ಹಕ್ಕು ನಮ್ಮದು ಅಂತ ಹ್ಯಾಲಿಕಿ ಕಡೆಯವರ ವಾದ. ವರ್ಷಗಟ್ಟಲೆ ಎಳೆದಾಡಿ, 2025ರ ಮೇ ತಿಂಗಳಲ್ಲಿ ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಹೇಳಿತು: ಎಲೆನರ್ ಪಾತ್ರವೇ ಅಲ್ಲ. ಅದಕ್ಕೆ ತನ್ನದೇ ಸ್ವಭಾವವಿಲ್ಲ, ಮಾತಿಲ್ಲ, ತಾನಾಗಿ ಮಾಡುವುದು ಏನೂ ಇಲ್ಲ. ಒಮ್ಮೆ ಹಳದಿ, ಒಮ್ಮೆ ಬೂದು, ಇನ್ನೊಮ್ಮೆ ತುಕ್ಕು ಹಿಡಿದು ಬಣ್ಣವಿಲ್ಲದ ಗಾಡಿ. ನಾಟಕದ ಸಾಮಾನಿಗೆ ಹತ್ತಿರ, ಪಾತ್ರಕ್ಕಲ್ಲ.

ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೆ ಜಡ್ಜ್‌ಗಳು ನಮ್ಮ ಮಾವನ ಪಕ್ಕ ಕೂತು ಆ ಸಿನಿಮಾ ನೋಡಬೇಕಿತ್ತು. ಕಾರು ಕಂಬಕ್ಕೆ ಗುದ್ದಿದಾಗ ಅವರು "ಅಯ್ಯೋ" ಅಂದದ್ದು ಹ್ಯಾಲಿಕಿಗಲ್ಲ.

ಇಲ್ಲೊಂದು ವಿಷಯ ಹೇಳಲೇಬೇಕು. ಎರಡು ಸಿನಿಮಾಗಳ ನಡುವೆ ನನ್ನ ಜೀವನದಲ್ಲೂ ಒಂದು ಕಳ್ಳತನ ಆಯಿತು. ನನ್ನ ಬೈಕು ಹೋಯಿತು. ಮೊದಲ ಸಂಬಳದಲ್ಲಿ ಮುಂಗಡ ಕಟ್ಟಿ ತಂದದ್ದು. ಬೆಳಿಗ್ಗೆ ಕೆಳಗಿಳಿದು ಬಂದರೆ, ಅದು ನಿಲ್ಲುತ್ತಿದ್ದ ಜಾಗದಲ್ಲಿ ಅಂಗೈಯಗಲ ಆಯಿಲ್ ಕಲೆ, ಸೈಡ್ ಸ್ಟ್ಯಾಂಡ್ ಊರಿ ಊರಿ ಬಿದ್ದಿದ್ದ ಸಣ್ಣ ಗುಳಿ. ಅಷ್ಟೇ. ಆ ಗುಳಿಯ ಮೇಲೆ ಕಾಲಿಟ್ಟುಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಬೇರೆಲ್ಲೋ ನಿಲ್ಲಿಸಿರಬಹುದು ಅಂತ ಇಡೀ ಬೀದಿ ಎರಡು ಸಲ ಸುತ್ತಿದೆ. ಅದು ಅಲ್ಲೇ ಇತ್ತು ಅಂತ ಗೊತ್ತಿದ್ದೂ.

ಇನ್ಶೂರೆನ್ಸ್ ಇತ್ತು. ಪೇಸ್‌ನ ನಿಯಮದ ಪ್ರಕಾರ ನನ್ನ ಬೈಕನ್ನು ಧಾರಾಳವಾಗಿ ಕದಿಯಬಹುದಿತ್ತು. ಇನ್ಶೂರೆನ್ಸ್‌ನವರು ಎರಡೂ ಕೀ ತಂದುಕೊಡಿ ಅಂದರು. ಒಂದು ಕೀ ಎಂದೋ ಕಳೆದಿತ್ತು. ಕಳೆದ ಕೀಗೆ ಒಂದು ಪತ್ರ, ಆ ಪತ್ರಕ್ಕೆ ಇನ್ನೊಂದು ಪತ್ರ. ಎದುರು ಕೂತಿದ್ದವನು ನನ್ನನ್ನೇ ಕಳ್ಳನ ಹಾಗೆ ನೋಡುತ್ತಿದ್ದ. ಎಂಟು ತಿಂಗಳಾದ ಮೇಲೆ ಒಂದಿಷ್ಟು ದುಡ್ಡು ಬಂತು. ಅಷ್ಟರಲ್ಲಿ ನಾನು ಬಸ್ಸಿಗೆ ಹೊಂದಿಕೊಂಡಾಗಿತ್ತು.

ಅದಾದ ಮೇಲೆ ರೀಮೇಕನ್ನು ಮತ್ತೆ ನೋಡಿದೆ. ಆ ಸಿನಿಮಾ ಎಷ್ಟು ಕಷ್ಟಪಟ್ಟು ನಮ್ಮನ್ನು ಸಮಾಧಾನ ಮಾಡುತ್ತದೆ ಅಂತ ಆಗ ಗೊತ್ತಾಯಿತು. ತಮ್ಮನ ಜೀವ ಅಪಾಯದಲ್ಲಿದೆ. ಮೆಂಫಿಸ್ ಕದಿಯುವುದನ್ನು ಬಿಟ್ಟು ವರ್ಷಗಳಾಗಿವೆ. ವಿಲನ್ ಎಂಥ ಕಟುಕ ಅಂದರೆ ಎದುರಿಗೆ ನಿಂತ ಕಳ್ಳರೆಲ್ಲ ದೇವರ ಹಾಗೆ ಕಾಣುತ್ತಾರೆ. ಕೊನೆಗೆ ಪೊಲೀಸ್ ಅಧಿಕಾರಿಯೂ ಅವನನ್ನು ಹಿಡಿಯದೆ ಬಿಟ್ಟುಬಿಡುತ್ತಾನೆ. ಇಷ್ಟೆಲ್ಲ ಕಾರಣಗಳು ಯಾಕೆ? 50 ಮನೆಗಳ ಮುಂದೆ ಬೆಳಿಗ್ಗೆ ಎದ್ದು ಖಾಲಿ ಜಾಗ ನೋಡುವವರ ನೆನಪು ನಮಗೆ ಬರದಿರಲಿ ಅಂತ. ಬರುವುದೂ ಇಲ್ಲ. ನನಗೇ ಬಂದಿರಲಿಲ್ಲ, ಹಾಸ್ಟೆಲ್ಲಿನಲ್ಲಿ. ಎಲ್ಲರೂ ಚಪ್ಪಾಳೆ ಹೊಡೆದಿದ್ದೆವು.

ಹಳೇ ಸಿನಿಮಾ ಇಂಥ ಯಾವ ಕಾರಣವನ್ನೂ ಕೊಡುವುದಿಲ್ಲ. ಪೇಸ್‌ಗೆ ಕಷ್ಟದಲ್ಲಿರುವ ತಮ್ಮನಿಲ್ಲ. ದುಡ್ಡು ಬರುತ್ತದೆ, ಕದಿಯುತ್ತಾನೆ. ಇನ್ಶೂರೆನ್ಸ್ ಇದೆ ಅಲ್ವಾ, ಯಾರಿಗೇನು ನಷ್ಟ ಅನ್ನುತ್ತಾನೆ. ಬೀದಿಯಲ್ಲಿ ಸಿಗುವ ಕಳ್ಳ ಮಾತಾಡುವುದೂ ಹೀಗೇ. ಆ ಒರಟುತನವೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಆದರೂ ಶನಿವಾರ ರಾತ್ರಿ ಸುಸ್ತಾಗಿ ಬಂದು ಏನಾದರೂ ನೋಡಬೇಕು ಅನ್ನಿಸಿದರೆ ನಾನು ಹಾಕುವುದು ಹೊಸದನ್ನೇ. ಡುವಾಲ್‌ನ ಮುಖ, ನಾಯಿ, ಇಟ್ಟಿಗೆ. ಕ್ಯಾಲಿಟ್ರಿಗೆ ಏಟು ಬೀಳುವಾಗ ಈಗಲೂ ಖುಷಿಯಾಗುತ್ತದೆ. ನಾನೇನು ಮಾಡಲಿ?

ಮಾವನ ಜೊತೆ ನೋಡಿದ ದಿನಕ್ಕೆ ವಾಪಸ್ ಬರುತ್ತೇನೆ. ಜಿಗಿತ ಮುಗಿದಿದೆ. ಎಲೆನರ್ ಕಾರಿನ ಹಾಗಿಲ್ಲ, ಮುದುಡಿದ ತಗಡಿನ ಡಬ್ಬದ ಹಾಗಿದೆ. ಪೊಲೀಸರು ಹತ್ತಿರದಲ್ಲೇ ಹುಡುಕುತ್ತಿದ್ದಾರೆ. ಪೇಸ್‌ಗೆ ಒಂದು ಕಾರ್ ವಾಶ್ ಕಾಣುತ್ತದೆ. ಅಲ್ಲಿ ಥೇಟ್ ಅಂಥದೇ ಇನ್ನೊಂದು ಹಳದಿ ಮಸ್ಟ್ಯಾಂಗ್, ತೊಳೆಸಿಕೊಳ್ಳಲು ಬಂದಿದೆ. ಅಲ್ಲಿನ ಮ್ಯಾನೇಜರ್‌ಗೆ ತಾನೇ ಯಜಮಾನ ಅಂತ ನಂಬಿಸಿ, ತನ್ನ ಜಜ್ಜಿದ ಕಾರನ್ನು ಅಲ್ಲೇ ಬಿಟ್ಟು, ಫಳಫಳ ಹೊಳೆಯುವುದನ್ನು ಹತ್ತಿಕೊಂಡು ಹೊರಟುಬಿಡುತ್ತಾನೆ. ಪೊಲೀಸರ ಎದುರಿಗೇ ದಾಟಿ ಹೋಗುತ್ತಾನೆ. ತಮಾಷೆಯ ದೃಶ್ಯ. ನಾನು ನಕ್ಕೆ.

ಮಾವ ನಗಲಿಲ್ಲ. ಕನ್ನಡಕ ಒರೆಸಿಕೊಂಡು ಕೇಳಿದರು.

"ಅಲ್ಲ ಕಣೋ, ಆ ಕಾರಿಗೆ ಇನ್ಶೂರೆನ್ಸ್ ಇತ್ತೋ ಇಲ್ವೋ, ಇವನು ಕೇಳಿದ್ನಾ?"